ಗ್ರೈಂಡರಿಗೆ ಗರಗಸದ ಹಲ್ಲು ಬೇಡ

ಪ್ರಶ್ನೆ: ನಾನು ಸೇಡಂ ಕಡೆಯ ಪ್ರೌಢಶಾಲಾ ಶಿಕ್ಷಕ. ಮನೆ ಹಿಂದೆ ತಗಡಿನ ಶೆಡ್ ಹಾಕಿಸಿಕೊಂಡು ರಜೆ ದಿನ ಕಟ್ಟಿಗೆ ಕೆಲಸ ಮಾಡುವ ಹವ್ಯಾಸ ಹಚ್ಚಿಕೊಂಡಿದ್ದೇನೆ. ಒಂದು ಡ್ರಿಲ್, ಕಬ್ಬಿಣ ಕೊಯ್ಯುವ, ತೇಯುವ 4 ಇಂಚಿನ ಒಂದು ಗ್ರೈಂಡರ್ ಇವೆ. ಹಳೇ ಮನೆ ಕೆಡವಿದಾಗ ಸಿಕ್ಕ ಸಾಗವಾನಿ ಬಾಗಿಲು, ಬೇವಿನ ತೊಲೆಗಳಲ್ಲಿ ಮಗಳಿಗೆ ಓದುವ ಮೇಜು ಮಾಡಬೇಕೆಂದಿದ್ದೇನೆ. ಗ್ರೈಂಡರಿಗೆ ಕಟ್ಟಿಗೆ ಕೊಯ್ಯುವ 30 ಹಲ್ಲಿನ ಬ್ಲೇಡ್ ಹಾಕಿ, ಪ್ಲೈವುಡ್ ಕೆಳಗೆ ಉಲ್ಟಾ ಬಿಗಿದರೆ ಟೇಬಲ್ ಸಾ ಆಗುತ್ತದೆ ಎಂದು ವಿಡಿಯೊಗಳಲ್ಲಿ ತೋರಿಸುತ್ತಾರೆ. ಬ್ಲೇಡ್ ತಂದೂ ಆಗಿದೆ, ಆದರೆ ಗಾರ್ಡ್ (ಡಿಸ್ಕ್ ಮುಚ್ಚುವ ಕವಚ) ತೆಗೆಯದೆ ಕೂರುತ್ತಿಲ್ಲ. ಮನೆಯವರು ಬೇಡ ಎನ್ನುತ್ತಾರೆ. ಕೈಗವಸು ಹಾಕಿಕೊಂಡು ಮಾಡಿದರೆ ಸಾಕೇ? 13 ವರ್ಷದ ಮಗನೂ ಜತೆಗೆ ನಿಲ್ಲುತ್ತಾನೆ. ಅವನ ಕೈಗೆ ಏನು ಕೊಡಬಹುದು?

ಉತ್ತರ: ಮಾಸ್ತರರೇ, ಮನೆಯವರ ಮಾತು ಕೇಳಿರಿ. ಆ ಬ್ಲೇಡನ್ನು ಗ್ರೈಂಡರಿಗೆ ಹಾಕಬೇಡಿ. ಉಲ್ಟಾ ಬಿಗಿಯುವುದಂತೂ ಬೇಡವೇ ಬೇಡ. ಕೈಗವಸಿನ ವಿಷಯ ಮುಂದೆ ಹೇಳುತ್ತೇನೆ, ಎಷ್ಟೋ ಕೆಲಸದಲ್ಲಿ ಕೈಯನ್ನು ಒಳಗೆ ಎಳೆಯುವುದೇ ಅದು. ಇಷ್ಟನ್ನು ಮೊದಲ ಸಾಲಿನಲ್ಲೇ ಬರೆದೆ, ಯಾಕೆಂದರೆ ಬ್ಲೇಡ್ ಮನೆಗೆ ಬಂದಿದೆ, ಭಾನುವಾರ ದೂರವಿಲ್ಲ.

ಇನ್ನು ಕಾರಣ. ನಾನು ಕಲಬುರಗಿಯಲ್ಲಿ ಐಟಿಐ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸುತ್ತ 29 ವರ್ಷ ಕಳೆದವನು. ಬರೀ ‘ಹಾಗೆ ಮಾಡಬೇಡ’ ಎಂದರೆ ಹುಡುಗರು ನನ್ನೆದುರು ಬಿಟ್ಟು ಬೆನ್ನ ಹಿಂದೆ ಮಾಡುತ್ತಿದ್ದರು. ಕಾರಣ ತಿಳಿದವರು ಬೆನ್ನ ಹಿಂದೆಯೂ ಮಾಡುತ್ತಿರಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ಸಾವಧಾನವಾಗಿ ಓದಿರಿ.

‘ಗಾರ್ಡ್ ತೆಗೆಯದೆ ಕೂರುತ್ತಿಲ್ಲ’ ಎಂದು ಬರೆದಿದ್ದೀರಿ. ಯಂತ್ರವೇ ನಿಮಗೆ ಬೇಡ ಎಂದು ಹೇಳಿದ ಹಾಗೆ ಅದು. 4 ಇಂಚಿನ ಗ್ರೈಂಡರಿನ ಗಾರ್ಡ್ 100 ಮಿ.ಮೀ. ಡಿಸ್ಕಿಗೆ ಅಳತೆ ಇಟ್ಟು ಮಾಡಿದ್ದು. ಅಂಗಡಿಯಲ್ಲಿ ಸಿಗುವ ಕಟ್ಟಿಗೆ ಬ್ಲೇಡ್ ಸಾಮಾನ್ಯವಾಗಿ 110 ಮಿ.ಮೀ. ಇರುತ್ತದೆ. ಅದರ ನಡುವಿನ ತೂತು 20 ಮಿ.ಮೀ., ಗ್ರೈಂಡರಿಗೆ ಬೇಕಾದದ್ದು 16 ಮಿ.ಮೀ. ಆದ್ದರಿಂದ ನಡುವೆ ಒಂದು ರಿಂಗ್ ತುರುಕುತ್ತಾರೆ, ಹೊರಗೆ ಗಾರ್ಡ್ ಬಿಚ್ಚುತ್ತಾರೆ. ಒಳಗೂ ಹೊಂದದ, ಹೊರಗೂ ಹೊಂದದ ಒಂದು ವಸ್ತುವನ್ನು ಪಾನಾದಿಂದ ಬಿಗಿದು ಹೊಂದಿಸಿದೆವು ಎಂದುಕೊಳ್ಳುತ್ತೇವೆ.

ಈಗ ವೇಗದ ಲೆಕ್ಕ ನೋಡಿರಿ, ನೀವು ಮಾಸ್ತರರು, ಬೋರ್ಡಿನ ಮೇಲೆ ಬರೆದುಕೊಳ್ಳಬಹುದು. ಈ ಗ್ರೈಂಡರುಗಳು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತವೆ. ಅಂದರೆ ಸೆಕೆಂಡಿಗೆ 183 ಸುತ್ತು. 110 ಮಿ.ಮೀ. ಬ್ಲೇಡಿನ ಅಂಚು ಆಗ ಗಂಟೆಗೆ 228 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಹಲ್ಲು 30 ಇದ್ದರೆ ಒಂದು ಸೆಕೆಂಡಿನಲ್ಲಿ 5,500 ಹಲ್ಲು ಒಂದೇ ಜಾಗ ದಾಟಿ ಹೋಗುತ್ತವೆ. ಏನೋ ತಪ್ಪಾಯಿತು ಎಂದು ತಲೆಗೆ ಹೊಳೆದು ಕೈ ಹಿಂದೆ ಸರಿಯಲು ಚುರುಕಾದ ಮನುಷ್ಯನಿಗೂ ಸೆಕೆಂಡಿನ ಐದನೇ ಒಂದು ಪಾಲು ಬೇಕು. ಅಷ್ಟರಲ್ಲಿ 1,100 ಹಲ್ಲು ದಾಟಿರುತ್ತವೆ. ‘ನಾನು ಹುಷಾರಾಗಿ ಮಾಡ್ತೀನಿ’ ಎಂಬ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ವೇಗ ಒಂದೇ ಆಗಿದ್ದರೆ ಕಬ್ಬಿಣ ಕೊಯ್ಯುವ ಡಿಸ್ಕೂ ಅಷ್ಟೇ ಅಪಾಯ ಆಗಬೇಕಿತ್ತಲ್ಲ ಎಂದು ನೀವು ಕೇಳಬಹುದು. ಅದರಲ್ಲೂ ಅಪಾಯ ಇದೆ, ಆದರೆ ಅದಕ್ಕೆ ಹಲ್ಲಿಲ್ಲ. ಸಾಣೆಯ ಹರಳುಗಳು ಲೋಹವನ್ನು ತೇಯುತ್ತವೆ, ತಾವೂ ಸವೆಯುತ್ತವೆ. ಗರಗಸದ ಹಲ್ಲು ಕಚ್ಚುತ್ತದೆ. ಕಟ್ಟಿಗೆಯಲ್ಲಿ ಗಂಟು ಬಂತು, ಇಲ್ಲವೇ ಕೊಯ್ದ ಸಂದು ಬಾಗಿ ಬ್ಲೇಡನ್ನು ಎರಡೂ ಕಡೆಯಿಂದ ಹಿಸುಕಿತು ಎಂದುಕೊಳ್ಳಿ. ಕಚ್ಚಿದ ಹಲ್ಲು ಬಿಡುವುದಿಲ್ಲ. ಬ್ಲೇಡ್ ನಿಂತಾಗ ಅದರ ಅಷ್ಟೂ ಶಕ್ತಿ ಗ್ರೈಂಡರಿನ ಮೈಗೆ ಬಂದು, ಇಡೀ ಯಂತ್ರ ಕೈಯಿಂದ ಕಿತ್ತುಕೊಂಡು ಹಾರುತ್ತದೆ. ಹಾರುವುದು ಹಿಡಿದವನ ಕಡೆಗೇ. ಕುತ್ತಿಗೆ, ಎದೆ, ತೊಡೆ, ಎಡಗೈ, ಯಾವುದು ದಾರಿಯಲ್ಲಿದೆಯೋ ಅದು.

ಇದನ್ನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷದ ಹಿಂದೆ ನಮ್ಮ ಮನೆಯ ಕಿಟಕಿ ಚೌಕಟ್ಟು ಮಾಡುತ್ತಿದ್ದ ಬಡಿಗೇರರು ಇದೇ ಬ್ಲೇಡ್ ಹಾಕಿಕೊಂಡಿದ್ದರು. ಬೇಡ ಎಂದೆ. “ಇಪ್ಪತ್ ವರ್ಷ ಆಯ್ತ್ರಿ ಸರ್, ಹಿಂಗೇ ಕೊಯ್ಲಿಕತ್ತೀನಿ, ಏನೂ ಆಗಿಲ್ರಿ” ಎಂದರು. ಅನುಭವ ಇದ್ದವರು, ಒಳ್ಳೇ ಕೈ. ನಾನು ಮತ್ತೆ ಒತ್ತಾಯ ಮಾಡಲಿಲ್ಲ, ಆ ಕೊರಗು ಇವತ್ತಿಗೂ ಇದೆ. ಮೂರನೇ ದಿನ ಬೇವಿನ ಪಟ್ಟಿಯಲ್ಲಿ ಹೆಬ್ಬೆರಳಷ್ಟು ದಪ್ಪ ಗಂಟು ಅಡ್ಡ ಬಂತು. ‘ಟಕ್’ ಎಂದು ಒಂದೇ ಸದ್ದು. ಗ್ರೈಂಡರ್ ಮೇಲೆದ್ದು ಅವರ ಎಡ ಮುಂಗೈಯ ಮೇಲೆ ಒಂದು ಸಲ ಹರಿದು ನೆಲಕ್ಕೆ ಬಿತ್ತು. ಸ್ವಿಚ್ ಲಾಕ್ ಆಗಿತ್ತು, ಹಾಗಾಗಿ ಬಿದ್ದ ಮೇಲೂ ಫರಸಿ ಮೇಲೆ ಕುಣಿಯುತ್ತಲೇ ಇತ್ತು. ಸಾಕೆಟ್ಟಿನಿಂದ ಪಿನ್ ಕಿತ್ತ ಮೇಲೆಯೇ ಅದು ನಿಂತದ್ದು. ಕೈ ಉಳಿಯಿತು. ಆದರೆ ಕಿರುಬೆರಳು, ಉಂಗುರದ ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಉಳಿ ಹಿಡಿದು ಬದುಕುವ ಮನುಷ್ಯನಿಗೆ ಅದೆಷ್ಟು ದೊಡ್ಡ ನಷ್ಟ ಎಂದು ನಾನು ಹೇಳಬೇಕಾಗಿಲ್ಲ.

ಉಲ್ಟಾ ಬಿಗಿದಾಗ ಇದಕ್ಕೆ ಇನ್ನೂ ಎರಡು ಅಪಾಯ ಸೇರುತ್ತವೆ. ಸ್ವಿಚ್ ಪ್ಲೈವುಡ್ ಕೆಳಗೆ ಹೋಗುತ್ತದೆ, ನಿಲ್ಲಿಸಬೇಕಾದಾಗ ಕೈ ಅಲ್ಲಿಗೆ ತಲುಪುವುದಿಲ್ಲ. ಎರಡನೆಯದು, ಕಂಪನಿಯಿಂದ ಬಂದ ಟೇಬಲ್ ಸಾ ನೋಡಿದರೆ ಬ್ಲೇಡಿನ ಹಿಂದೆ ಅದರಷ್ಟೇ ಬಾಗಿದ ಒಂದು ತೆಳ್ಳನೆ ಉಕ್ಕಿನ ಪಟ್ಟಿ ನಿಂತಿರುತ್ತದೆ. ಕೊಯ್ದ ಸಂದು ಮುಚ್ಚಿಕೊಂಡು ಬ್ಲೇಡನ್ನು ಹಿಡಿಯದಂತೆ ಅದು ಸಂದನ್ನು ತೆರೆದಿಡುತ್ತದೆ. ಮನೆಯಲ್ಲಿ ಮಾಡಿದ್ದರಲ್ಲಿ ಆ ಪಟ್ಟಿ ಇರುವುದಿಲ್ಲ. ಆಗ ಬ್ಲೇಡಿನ ಹಿಂಭಾಗ ಹಲಗೆಯನ್ನು ಎತ್ತಿ ನಿಮ್ಮ ಹೊಟ್ಟೆಗೆ ಬೀಸುತ್ತದೆ. ಹಲಗೆ ಹೋದ ಜಾಗಕ್ಕೆ ಅದನ್ನು ನೂಕುತ್ತಿದ್ದ ಕೈ ಹೋಗುತ್ತದೆ.

ಹಾಗಾದರೆ ಮೇಜು ಹೇಗೆ ಮಾಡುವುದು? ನೀವು ಕೊಯ್ಯಬೇಕಾದ್ದು ನಾಲ್ಕಾರು ಹಲಗೆ, ನಾಲ್ಕು ಕಾಲು. ಬೇವಿನ ತೊಲೆಯನ್ನು ಉದ್ದಕ್ಕೆ ಸೀಳುವ ಕೆಲಸ ಸಾ ಮಿಲ್ಲಿಗೆ ಕೊಡಿ. ಅರ್ಧ ಗಂಟೆಯ ಕೆಲಸ, ಸಾಲು ನೆಟ್ಟಗೆ ಬರುತ್ತದೆ. ಉಳಿದ ಅಡ್ಡ ಕೊಯ್ತಕ್ಕೆ ಒಂದು ಜಿಗ್ ಸಾ ತೆಗೆದುಕೊಳ್ಳಿ. ಮನೆಯಲ್ಲಿ ಕಲಿಯುವವನಿಗೆ ಕರೆಂಟಿನ ಗರಗಸಗಳಲ್ಲಿ ನಾನು ಮೊದಲು ಹೇಳುವುದು ಇದನ್ನೇ. ಸಣ್ಣ ಬ್ಲೇಡ್ ಮೇಲೆ ಕೆಳಗೆ ಆಡುತ್ತದೆ, ತಿರುಗುವುದಿಲ್ಲ. ಸಿಕ್ಕಿಕೊಂಡರೆ ನಡುಗುತ್ತದೆ, ಹಾರುವುದಿಲ್ಲ. ಕೊಯ್ತ ಸ್ವಲ್ಪ ಒರಟು, ರಂದಾ ಹೊಡೆದರೆ ಸರಿಹೋಗುತ್ತದೆ. ಮುಂದೆ ಕೈ ಪಳಗಿ, ಹಲಗೆ ಕೆಲಸ ಹೆಚ್ಚಾದರೆ 7 ಇಂಚಿನ ಸರ್ಕ್ಯುಲರ್ ಸಾ ತೆಗೆದುಕೊಳ್ಳಬಹುದು. ಅದರ ವೇಗ ಗ್ರೈಂಡರಿನ ಅರ್ಧದಷ್ಟು. ಹಲಗೆಯ ಮೇಲೆ ಕೂರಲು ಅಗಲವಾದ ತಳ ಇದೆ, ಎರಡು ಕೈಗೆ ಎರಡು ಹಿಡಿ ಇವೆ. ಎಲ್ಲಕ್ಕಿಂತ ಮುಖ್ಯವಾಗಿ ಕೆಳಗೊಂದು ಸ್ಪ್ರಿಂಗ್ ಗಾರ್ಡ್ ಇದೆ. ಕೊಯ್ತ ಮುಗಿದ ಗಳಿಗೆಗೆ ಅದು ತಾನೇ ಬಂದು ಹಲ್ಲು ಮುಚ್ಚುತ್ತದೆ. ಕೊಯ್ಯುವಾಗ ಗೆರೆ ಕಾಣುವುದಿಲ್ಲ ಎಂದು ಆ ಗಾರ್ಡಿಗೆ ಕಟ್ಟಿಗೆ ಚೂರು ಸಿಕ್ಕಿಸಿ ಮೇಲೆ ನಿಲ್ಲಿಸುವವರನ್ನು ನೋಡಿದ್ದೇನೆ. ಗಾರ್ಡ್ ಸಮೇತ ಗೆರೆ ಕಾಣದಿದ್ದರೆ ಬೆಳಕು ಹೆಚ್ಚು ಮಾಡಿಕೊಳ್ಳಿ.

ಮಾರ್ಬಲ್ ಕಟರಿಗೆ ಕಟ್ಟಿಗೆ ಬ್ಲೇಡ್ ಹಾಕುವ ರೂಢಿಯೂ ನಮ್ಮಲ್ಲಿ ಜೋರಾಗಿದೆ. ಗ್ರೈಂಡರಿಗಿಂತ ವಾಸಿ, ತಳ ಇದೆ ಎನ್ನುತ್ತಾರೆ. ಆದರೆ ಅದರಲ್ಲೂ ಕೆಳಗಿನ ಗಾರ್ಡ್ ಇಲ್ಲ. ಕೊಯ್ದು ಮುಗಿಸಿ ಪಕ್ಕಕ್ಕೆ ಇಡುವಾಗ ಬ್ಲೇಡ್ ಇನ್ನೂ ತಿರುಗುತ್ತಿರುತ್ತದೆ, ಹಲ್ಲು ಬಯಲಲ್ಲಿರುತ್ತದೆ. ತೊಡೆಗೆ ಏಟು ಬೀಳುವುದು ಆ ಹೊತ್ತಿನಲ್ಲಿ. ಅದನ್ನು ಫರಸಿಗೆ, ಟೈಲ್ಸಿಗೆ ಬಿಟ್ಟುಬಿಡಿ.

ಹಲಗೆ ಇಡುವ ಕ್ರಮದ ಬಗ್ಗೆ ಒಂದು ಮಾತು. ಎರಡು ಕುರ್ಚಿಗಳ ಮೇಲೆ ಹಲಗೆಯ ಎರಡು ತುದಿ ಇಟ್ಟು ನಟ್ಟನಡುವೆ ಕೊಯ್ಯಲು ಹೋದರೆ, ಅರ್ಧ ಕೊಯ್ದಾಗ ಹಲಗೆ ನಡುವೆ ಕುಸಿದು ಸಂದು ಮೇಲ್ಗಡೆ ಮುಚ್ಚಿಕೊಳ್ಳುತ್ತದೆ. ಬ್ಲೇಡ್ ಸಿಕ್ಕಿಬೀಳುವುದು ಬಹಳ ಸಲ ಹೀಗೆ. ಉಳಿಸಿಕೊಳ್ಳುವ ಭಾಗ ಪೂರ್ತಿ ಮೇಜಿನ ಮೇಲಿರಲಿ, ಸಿ-ಕ್ಲಾಂಪಿನಿಂದ ಬಿಗಿಯಿರಿ, ಕತ್ತರಿಸಿ ಹೋಗುವ ತುಂಡು ಹೊರಗೆ ಚಾಚಿರಲಿ, ಕೊನೆಗೆ ತಾನಾಗಿ ಬೀಳಲಿ. ಅದನ್ನು ಹಿಡಿಯಲು ಮಗನಿಗೆ ಹೇಳಬೇಡಿ. ಹಿಡಿದವನು ಅರಿವಿಲ್ಲದೆ ಮೇಲಕ್ಕೆ ಎತ್ತುತ್ತಾನೆ, ಸಂದು ಮತ್ತೆ ಮುಚ್ಚುತ್ತದೆ. ಸರ್ಕ್ಯುಲರ್ ಸಾ ಆದರೆ ಹಲ್ಲು ಹಲಗೆಯ ಕೆಳಗೆ ಕಾಲು ಇಂಚಿಗಿಂತ ಹೆಚ್ಚು ಇಣುಕದಂತೆ ಆಳ ಇಟ್ಟುಕೊಳ್ಳಿ.

ನಿಮ್ಮದು ಹಳೇ ಬಾಗಿಲು. ಹಳೇ ಬಾಗಿಲೆಂದರೆ ಮೊಳೆ. ತಲೆ ತುಕ್ಕು ಹಿಡಿದು ಉದುರಿ, ಮೇಲೆ ಬಣ್ಣ ಕೂತು, ಕಣ್ಣಿಗೆ ಕಾಣುವುದಿಲ್ಲ. ಕೆಟ್ಟುಹೋದ ಸ್ಪೀಕರಿನ ಆಯಸ್ಕಾಂತಕ್ಕೆ ದಾರ ಕಟ್ಟಿ ಹಲಗೆಯ ಮೇಲೆ ಬೆರಳಗಲ ಎತ್ತರದಲ್ಲಿ ನಿಧಾನ ಸರಿಸಿರಿ. ಮೊಳೆ ಇದ್ದಲ್ಲಿ ದಾರ ವಾಲುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಮೊಳೆ ಕಿತ್ತ ಮೇಲೆಯೇ ಗರಗಸ ಮುಟ್ಟಿಸಿರಿ. ಈ ಕೆಲಸ ಮಗನಿಗೆ ಕೊಡಿ, ಖುಷಿಯಿಂದ ಮಾಡುತ್ತಾನೆ.

ಗ್ರೈಂಡರನ್ನು ಅದರ ಸ್ವಂತ ಕೆಲಸಕ್ಕೆ, ಅಂದರೆ ಕಬ್ಬಿಣಕ್ಕೆ ಬಳಸುವಾಗಲೂ ಡಿಸ್ಕ್ ನೋಡುವ ಅಭ್ಯಾಸ ಇರಲಿ. ಒಂದು ಹೊಸ ಡಿಸ್ಕ್ ಕೈಗೆ ತೆಗೆದುಕೊಂಡು ನಡುವಿನ ತಗಡಿನ ಬಳೆಯನ್ನು ಬೆಳಕಿಗೆ ಹಿಡಿಯಿರಿ. ಸಣ್ಣ ಅಕ್ಷರದಲ್ಲಿ ತಿಂಗಳು, ವರ್ಷ ಒತ್ತಿರುತ್ತಾರೆ. ಅದು ತಯಾರಾದ ದಿನ ಎಂದು ಬಹಳ ಜನ ತಿಳಿಯುತ್ತಾರೆ. ಅದು ಡಿಸ್ಕಿನ ಆಯುಷ್ಯ ಮುಗಿಯುವ ದಿನ, ಸಾಮಾನ್ಯವಾಗಿ ತಯಾರಾದ ಮೂರು ವರ್ಷಕ್ಕೆ. ಹರಳುಗಳನ್ನು ಹಿಡಿದಿಡುವ ಅಂಟು ಹಳತಾದಂತೆ, ತೇವ ಕುಡಿದಂತೆ ಬಲ ಕಳೆದುಕೊಳ್ಳುತ್ತದೆ. ನಮ್ಮ ತಗಡಿನ ಶೆಡ್ಡಿನಲ್ಲಿ ಮಳೆಗಾಲದ ತೇವ, ಮೇ ತಿಂಗಳ ಕಾವು ಎರಡನ್ನೂ ಉಂಡ ಡಿಸ್ಕನ್ನು ನಾನಂತೂ ತಾರೀಖು ಬಾಕಿ ಇದ್ದರೂ ನಂಬುವುದಿಲ್ಲ. ಪಕ್ಕದಲ್ಲೇ ಡಿಸ್ಕ್ ತಾಳುವ ಗರಿಷ್ಠ ವೇಗ ಬರೆದಿರುತ್ತದೆ, ಅದು ಗ್ರೈಂಡರಿನ ಮೇಲೆ ಬರೆದ ವೇಗಕ್ಕಿಂತ ಕಡಿಮೆ ಇರಕೂಡದು. ದೊಡ್ಡ ಗ್ರೈಂಡರಿನ ಸವೆದ ಡಿಸ್ಕನ್ನು ಸಣ್ಣದಕ್ಕೆ ಹಾಕುವುದು ಇದೇ ಕಾರಣಕ್ಕೆ ಪ್ರಾಣಕ್ಕೆ ಕುತ್ತು. ಅಂಚಿನ ಸುತ್ತ ಬೆರಳಾಡಿಸಿ ನೋಡಿ. ಚಕ್ಕೆ ಎದ್ದಿದ್ದರೆ, ಕೂದಲೆಳೆಯ ಬಿರುಕಿದ್ದರೆ ಎರಡು ತುಂಡು ಮಾಡಿ ಕಸಕ್ಕೆ ಹಾಕಿ. ಇಡಿಯಾಗಿ ಬಿಸಾಕಿದರೆ ಇನ್ಯಾರೋ ಎತ್ತಿಕೊಂಡು ಬಳಸುತ್ತಾರೆ. ಕೊಯ್ಯುವ ತೆಳ್ಳನೆ ಡಿಸ್ಕಿನ ಪಕ್ಕದಿಂದ ಕಬ್ಬಿಣ ತೇಯಬೇಡಿ, ಅಡ್ಡ ಒತ್ತಡಕ್ಕೆ ಅದು ಸಿಡಿಯುತ್ತದೆ. ತೇಯಲು ದಪ್ಪ ಡಿಸ್ಕ್ ಬೇರೆ ಇದೆ.

ಡಿಸ್ಕ್ ಬದಲಿಸುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪಿನ್ ಸಾಕೆಟ್ಟಿನಿಂದ ಹೊರಗೆ ಬಂದು ನಿಮ್ಮ ಕಣ್ಣೆದುರು ಮೇಜಿನ ಮೇಲಿರಬೇಕು. ಬ್ಯಾಟರಿ ಯಂತ್ರವಾದರೆ ಬ್ಯಾಟರಿ ಕಿತ್ತಿಡಿ. ಹೊಸ ಡಿಸ್ಕ್ ಹಾಕಿದ ಮೇಲೆ ಯಾರೂ ಇಲ್ಲದ ಕಡೆಗೆ ಮುಖ ಮಾಡಿ ಒಂದು ನಿಮಿಷ ಬರಿದೇ ಓಡಿಸಿ. ಒಡೆಯುವುದಿದ್ದರೆ ಬಹಳ ಸಲ ಆ ಒಂದು ನಿಮಿಷದಲ್ಲೇ ಒಡೆಯುತ್ತದೆ. ಕೆಲಸ ಮಾಡುವಾಗ ಡಿಸ್ಕ್ ತಿರುಗುವ ಸಾಲಿನಲ್ಲಿ ನಿಮ್ಮ ಮುಖ, ಎದೆ ಇರದಂತೆ ಅರ್ಧ ಹೆಜ್ಜೆ ಪಕ್ಕಕ್ಕೆ ನಿಲ್ಲಿ, ಗಾರ್ಡಿನ ಮುಚ್ಚಿದ ಮೈ ನಿಮ್ಮ ಕಡೆ ಇರಲಿ.

ನಮ್ಮ ಭಾಗದವರು ಕಡ್ಡಾಯವಾಗಿ ತಿಳಿದಿರಬೇಕಾದ ಇನ್ನೊಂದು ಸಂಗತಿ ಕರೆಂಟ್ ಹೋಗಿ ಬರುವುದು. ಗ್ರೈಂಡರಿನ ಸ್ವಿಚ್ ಲಾಕ್ ಮಾಡಿ ಕೊಯ್ಯುತ್ತಿದ್ದೀರಿ, ನಡುವೆ ಕರೆಂಟ್ ಹೋಯಿತು. ಯಂತ್ರವನ್ನು ಕೆಳಗಿಟ್ಟು ಚಹಾ ಕುಡಿಯಲು ಒಳಗೆ ಹೋದಿರಿ. ಹತ್ತು ನಿಮಿಷದ ಮೇಲೆ ಕರೆಂಟ್ ಬಂತು. ಹೊಲದ ಪಂಪ್‌ಸೆಟ್ಟಿಗೆ ಆಟೋ ಹಾಕಿಟ್ಟರೆ ನಡುರಾತ್ರಿ ಕರೆಂಟ್ ಬಂದಾಗ ತಾನೇ ಶುರುವಾಗುತ್ತದಲ್ಲ, ಲಾಕ್ ಆದ ಗ್ರೈಂಡರೂ ಥೇಟ್ ಹಾಗೇ. ನೆಲದ ಮೇಲೆ ಯಾರೂ ಹಿಡಿಯದೆ, 11,000 ಸುತ್ತಿನಲ್ಲಿ. ಅಲ್ಲಿ ಮಗ ಏನನ್ನೋ ಎತ್ತಿಕೊಳ್ಳಲು ಬಾಗಿದ್ದರೆ? ಆದ್ದರಿಂದ ಕರೆಂಟ್ ಹೋದ ಕೂಡಲೇ ಕೈ ಮೊದಲು ಲಾಕ್ ಬಿಡಿಸಬೇಕು, ಆಮೇಲೆ ಪಿನ್ ಕೀಳಬೇಕು. ಸಾಧ್ಯವಿದ್ದರೆ ಲಾಕ್ ಗುಂಡಿಯನ್ನೇ ಬಳಸಬೇಡಿ. ಹಿಡಿದರಷ್ಟೇ ಓಡುವ, ಬಿಟ್ಟರೆ ನಿಲ್ಲುವ ಸ್ವಿಚ್ಚಿನ ಗ್ರೈಂಡರುಗಳು ಸಿಗುತ್ತವೆ. ಮುಂದಿನ ಸಲ ಕೊಳ್ಳುವಾಗ ಅದನ್ನೇ ಕೇಳಿ.

ಕರೆಂಟಿನ ಮಾತು ಬಂದಾಗ ನಿಮ್ಮ ಶೆಡ್ಡಿನ ಬೋರ್ಡನ್ನೂ ನೋಡಿಬಿಡೋಣ. ‘ಎಂಸಿಬಿ ಇದೆ ಸರ್, ಶಾಕ್ ಹೊಡೆದರೆ ಬಿದ್ದುಬಿಡುತ್ತೆ’ ಎಂದು ವಿದ್ಯಾವಂತರೂ ನನಗೆ ಹೇಳಿದ್ದಾರೆ. ಬೀಳುವುದಿಲ್ಲ. 16 ಆಂಪಿಯರ್ ಎಂಸಿಬಿ ವೈರ್ ಸುಡದಂತೆ ಕಾಯುವುದಕ್ಕೆ ಇರುವಂಥದ್ದು. 16 ಆಂಪಿಯರ್ ಎಂದರೆ 16,000 ಮಿಲಿ ಆಂಪಿಯರ್. ಮನುಷ್ಯನ ಮೈಯೊಳಗೆ ಕೆಲವು ಹತ್ತು ಮಿಲಿ ಆಂಪಿಯರ್ ಹರಿದರೂ ಪ್ರಾಣ ಹೋಗಬಹುದು. ಅಷ್ಟಕ್ಕೆ ಎಂಸಿಬಿಗೆ ಸುಳಿವೂ ಹತ್ತುವುದಿಲ್ಲ. ಜೀವ ಕಾಯುವುದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಹೋದ ಕರೆಂಟ್ ಅಷ್ಟೇ ವಾಪಸ್ ಬಂತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ನಿಮ್ಮ ಮೈ ಮೂಲಕ ಸ್ವಲ್ಪ ನೆಲಕ್ಕೆ ಹರಿದರೂ ವ್ಯತ್ಯಾಸ ಹಿಡಿದು ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ. ಶೆಡ್ಡಿನ ಲೈನಿಗೆ ಒಂದು ಹಾಕಿಸಿ. ಅದರ ಮೇಲಿನ ಟೆಸ್ಟ್ ಗುಂಡಿ ತಿಂಗಳಿಗೊಮ್ಮೆ ಒತ್ತಿ, ಬೀಳುತ್ತದೆಯೇ ನೋಡಿ. ಮನೆಗೆ ನೀವು ಮಾಡುವ ಖರ್ಚಿನಲ್ಲಿ ಇದಕ್ಕಿಂತ ಮುಖ್ಯವಾದದ್ದು ನನಗೆ ಕಾಣುವುದಿಲ್ಲ.

ಅರ್ಥಿಂಗ್ ಬಗ್ಗೆ ಹೇಳಲೇಬೇಕು, ಯಾಕೆಂದರೆ ನಮ್ಮದು ಎರೆ ನೆಲ. ಮಳೆಗಾಲದಲ್ಲಿ ಎರೆಮಣ್ಣು ಅರ್ಥ್ ಪೈಪನ್ನು ಅಪ್ಪಿಕೊಂಡಿರುತ್ತದೆ. ಬೇಸಿಗೆಯಲ್ಲಿ ಒಣಗಿ, ಕೈ ತೂರುವಷ್ಟು ಬಿರುಕು ಬಿಟ್ಟು, ಪೈಪಿನಿಂದ ದೂರ ಸರಿಯುತ್ತದೆ. ಆಗ ಅರ್ಥ್ ಇದ್ದೂ ಇಲ್ಲದಂತೆ. ಮಾರ್ಚಿನಿಂದ ಮಳೆ ಬೀಳುವವರೆಗೆ ಅರ್ಥ್ ಗುಂಡಿಗೆ ವಾರಕ್ಕೆ ಎರಡು ಸಲ ಒಂದೊಂದು ಕೊಡ ನೀರು ಹಾಕಿಸಿ. ನಿಮ್ಮ ಡ್ರಿಲ್, ಗ್ರೈಂಡರ್ ಮೇಲೆ ಚೌಕದೊಳಗೆ ಚೌಕದ ಗುರುತಿದ್ದರೆ ಅವು ಎರಡು ಪದರದ ಇನ್ಸುಲೇಷನ್ ಇರುವಂಥವು, ಎರಡೇ ಪಿನ್ ಇರುತ್ತವೆ, ಅವಕ್ಕೆ ಅರ್ಥ್ ಬೇಕಾಗಿಲ್ಲ. ಆದರೆ ಅದೇ ಶೆಡ್ಡಿನಲ್ಲಿ ಕೂಲರ್ ಇರುತ್ತದಲ್ಲ! ತಗಡಿನ ಮೈ, ಒಳಗೆ ನೀರು, ಕೆಳಗೆ ಒದ್ದೆ ನೆಲ, ಬೆವರಿದ ಮೈ. ಕೂಲರಿಗೆ ಮೂರು ಪಿನ್ನಿನ ಸರಿಯಾದ ಜೋಡಣೆ ಇರಲಿ, ನೀವು ನಿಂತು ಕೆಲಸ ಮಾಡುವ ಕಡೆ ಅದರ ನೀರು ಹರಿಯದಿರಲಿ. ಎಕ್ಸ್‌ಟೆನ್ಶನ್ ವೈರ್ ಕನಿಷ್ಠ 1.5 ಚದರ ಮಿ.ಮೀ. ದಪ್ಪದ್ದು ತೆಗೆದುಕೊಂಡು, ಸುರುಳಿ ಪೂರ್ತಿ ಬಿಚ್ಚಿ ಬಳಸಿ. ಸುತ್ತಿಟ್ಟ ವೈರ್ ಒಳಗೊಳಗೇ ಕಾದು ಕರಗುತ್ತದೆ.

ಇನ್ನು ನೀವು ಕೇಳಿದ ಕೈಗವಸು. ಡ್ರಿಲ್, ಬೆಂಚ್ ಗ್ರೈಂಡರ್, ಸರ್ಕ್ಯುಲರ್ ಸಾ, ಈ ಮೂರಕ್ಕೂ ಬಟ್ಟೆಯ ಕೈಗವಸು ಬೇಡ. ಡ್ರಿಲ್ಲಿನ ತುದಿಯಲ್ಲಿ ತಿರುಗುವ ಬಿಟ್‌ಗೆ ಒಂದು ನೂಲು ಸಿಕ್ಕರೆ ಸಾಕು, ಬೆರಳು ಸಮೇತ ಸುತ್ತಿಕೊಳ್ಳುತ್ತದೆ. ಬರಿಗೈಗೆ ತಾಗಿದ್ದರೆ ತರಚುಗಾಯ ಆಗುತ್ತಿತ್ತು, ಕೈಗವಸಿದ್ದರೆ ಬೆರಳೇ ಹೋಗುತ್ತದೆ. ಕಬ್ಬಿಣ ತೇಯುವಾಗ ಕಿಡಿ, ಕಾವು ತಡೆಯಲು ಕೈಗೆ ಬಿಗಿಯಾಗಿ ಕೂರುವ ಚರ್ಮದ ಗವಸು ಹಾಕಬಹುದು. ಹೆಗಲ ಮೇಲಿನ ಟವೆಲ್ ಶೆಡ್ಡಿನ ಹೊರಗೇ ಉಳಿಯಲಿ. ಧೋತರ, ಲುಂಗಿ ಬೇಡ, ತುಂಬುತೋಳಿನ ಗುಂಡಿ ಹಾಕಿಕೊಳ್ಳಿ. ಕೈದಾರ, ಉಂಗುರ, ಗಡಿಯಾರ ತೆಗೆದಿಡಿ. ಕೊರಳಲ್ಲಿ ಲಿಂಗ, ತಾಯಿತ, ತಾಳಿ ಏನೇ ಇರಲಿ, ಬಟ್ಟೆಯ ಒಳಗೆ ಸೇರಿಸಿ ಭದ್ರ ಮಾಡಿದ ಮೇಲೆಯೇ ಯಂತ್ರದ ಮುಂದೆ ಬಾಗಬೇಕು. ಮನೆಯವರು, ಮಗಳು ಒಳಗೆ ಬಂದರೆ ಸೆರಗು, ಓಢಣಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ.

ಡ್ರಿಲ್ ಸೌಮ್ಯ ಯಂತ್ರ ಎಂದು ಎಲ್ಲರೂ ಸಲುಗೆ ತೋರಿಸುತ್ತಾರೆ. ತೆಳ್ಳನೆ ತಗಡಿನ ಪಟ್ಟಿಯನ್ನು ಎಡಗೈಯಲ್ಲಿ ಹಿಡಿದು ತೂತು ಹಾಕುವಾಗ ಬಿಟ್ ಹೊರಬರುವ ಕೊನೆಯ ಗಳಿಗೆಯಲ್ಲಿ ಕಚ್ಚಿಕೊಳ್ಳುತ್ತದೆ, ಪಟ್ಟಿ ಫ್ಯಾನಿನ ರೆಕ್ಕೆಯಂತೆ ತಿರುಗಿ ಅಂಗೈ ಸೀಳುತ್ತದೆ. ಸಣ್ಣ ತುಂಡಾದಷ್ಟೂ ಕ್ಲಾಂಪ್ ಹೆಚ್ಚು ಅಗತ್ಯ. ಬಿಟ್ ಬಿಗಿಯುವ ಚಕ್ ಕೀಯನ್ನು ಚಕ್ಕಿನಲ್ಲೇ ಬಿಟ್ಟು ಸ್ವಿಚ್ ಒತ್ತಬೇಡಿ.

ಕಣ್ಣಿನ ವಿಷಯದಲ್ಲಿ ನನ್ನ ಸ್ವಂತ ಪಾಠ ಇದೆ. 1998ರಲ್ಲಿ, ನಾನು ಕೆಲಸ ಮಾಡುತ್ತಲೂ ಇರಲಿಲ್ಲ, ಗ್ರೈಂಡಿಂಗ್ ಮಾಡುತ್ತಿದ್ದ ಹುಡುಗನ ಪಕ್ಕ ಹಾದುಹೋದೆ. ಬಲಗಣ್ಣಿಗೆ ಚುರುಕ್ ಎಂದಿತು. ಉಜ್ಜಿಕೊಂಡೆ. ಬೀದಿ ಬದಿಯಲ್ಲಿ ಕಡ್ಡಿಯಿಂದ ಕಸ ತೆಗೆಯುವವರೊಬ್ಬರ ಬಳಿ ಹೋದೆ, ‘ತೆಗೆದೆ’ ಎಂದರು. ಮರುದಿನ ಬೆಳಿಗ್ಗೆ ಬೆಳಕು ನೋಡಲು ಆಗಲಿಲ್ಲ. ಕಣ್ಣಿನ ಡಾಕ್ಟರು ನೋಡಿದಾಗ ಕಬ್ಬಿಣದ ಚೂರು ಕರಿಗುಡ್ಡೆಯ ಮೇಲೆ ಹಾಗೇ ಇತ್ತು, ಸುತ್ತ ತುಕ್ಕಿನ ಉಂಗುರ ಕಟ್ಟಿತ್ತು. ಕಬ್ಬಿಣ ಕಣ್ಣೀರಿನಲ್ಲಿ ಒಂದು ದಿನದೊಳಗೇ ತುಕ್ಕು ಹಿಡಿಯುತ್ತದೆ. ಚೂರು ತೆಗೆದರು, ತುಕ್ಕನ್ನು ಬೇರೆಯಾಗಿ ಕೆರೆದು ತೆಗೆದರು. ಆದ್ದರಿಂದ ಪಕ್ಕ ಮುಚ್ಚುವ ಸೇಫ್ಟಿ ಕನ್ನಡಕ ಶೆಡ್ಡಿನಲ್ಲಿ ಎರಡು ಜೊತೆ ಇರಲಿ, ಮಾಡುವವನಿಗೊಂದು, ನೋಡುವವನಿಗೊಂದು. ಓದುವ ಕನ್ನಡಕ ಅದರ ಬದಲಿಗೆ ಆಗುವುದಿಲ್ಲ. ಕಣ್ಣಿಗೆ ಏನಾದರೂ ಹೊಕ್ಕರೆ ಉಜ್ಜಬೇಡಿ, ಮುಚ್ಚಿಕೊಂಡು ನೇರ ಕಣ್ಣಿನ ಡಾಕ್ಟರ ಬಳಿ ಹೋಗಿ.

ಧೂಳಿಗೆ ಟವೆಲ್ ಕಟ್ಟಿಕೊಂಡರೆ ನಡೆಯುವುದಿಲ್ಲ. ಕಟ್ಟಿಗೆಯ ಹುಡಿಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಇಟ್ಟಿದೆ. ಧೂಳು ತಡೆಯುವ ಮಾಸ್ಕಿನ ಭಾರತೀಯ ಮಾನಕವಾದ ಐಎಸ್ 9473 ಗುರುತಿನ ಮಾಸ್ಕ್ ಕೇಳಿ ತೆಗೆದುಕೊಳ್ಳಿ. ಶಹಾಬಾದ್ ಫರಸಿ ಕೊಯ್ಯುವುದಿದ್ದರೆ ನೀರು ಬಿಟ್ಟುಕೊಂಡು, ಆರ್‌ಸಿಸಿಬಿ ಇರುವ ಲೈನಿನಲ್ಲಿಯೇ ಕೊಯ್ಯಿರಿ. ಗ್ರೈಂಡರಿನ ಸದ್ದು ಸುಮಾರು 100 ಡೆಸಿಬೆಲ್. ಆ ಸದ್ದಿನಲ್ಲಿ ಬರಿಗಿವಿಗೆ ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ತಾಳಲಾಗದು. ಕಿವಿಗೆ ಇಯರ್‌ಪ್ಲಗ್ ಇರಲಿ.

ಶೆಡ್ಡಿನ ಪಕ್ಕ ತೊಗರಿ ಕಟ್ಟಿಗೆ ಒಟ್ಟಿದ್ದೀರೋ ಏನೋ, ನಮ್ಮ ಕಡೆ ಯಾರ ಹಿತ್ತಲಲ್ಲಿ ಇರುವುದಿಲ್ಲ? ಗ್ರೈಂಡರಿನ ಕಿಡಿ ಹತ್ತು ಮೀಟರಿನವರೆಗೂ ಹಾರಬಲ್ಲದು. ಒಣಗಿದ ತೊಗರಿ ಕಟ್ಟಿಗೆಯಲ್ಲಿ, ಗರಗಸದ ಹುಡಿಯ ಗುಡ್ಡೆಯಲ್ಲಿ ಅದು ಹೊಗೆಯಿಲ್ಲದೆ ಬಹಳ ಹೊತ್ತು ಕನಲುತ್ತಿರುತ್ತದೆ. ಕಬ್ಬಿಣದ ಕೆಲಸಕ್ಕೆ ಮೊದಲು ಹುಡಿ ಗುಡಿಸಿ, ಒಂದು ಬಕೆಟ್ ಮರಳು, ಒಂದು ಬಕೆಟ್ ನೀರು ಇಟ್ಟುಕೊಳ್ಳಿ. ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಇದ್ದು ನೋಡಿಯೇ ಬೀಗ ಹಾಕಿ.

ಬೇಸಿಗೆಯಲ್ಲಿ ಹೊತ್ತು ನೋಡಿ ಕೆಲಸ ಮಾಡಿ. ಏಪ್ರಿಲ್, ಮೇನಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ತಗಡಿನ ಕೆಳಗೆ ಮಧ್ಯಾಹ್ನ ಮೂರರ ಹೊತ್ತಿಗೆ ಅಂಗೈ ಜಾರುತ್ತದೆ, ಕನ್ನಡಕದೊಳಗೆ ಬೆವರು ಇಳಿಯುತ್ತದೆ, ‘ಇದೊಂದು ಕೊಯ್ತ ಮುಗಿಸಿಬಿಡೋಣ’ ಎಂಬ ಅವಸರ ಬರುತ್ತದೆ. ಬೆಳಿಗ್ಗೆ ಆರರಿಂದ ಒಂಬತ್ತು ಸಾಕು.

ಗಾಯವಾದರೆ ಶುದ್ಧ ಬಟ್ಟೆ ಇಟ್ಟು ಬಿಗಿಯಾಗಿ ಒತ್ತಿ, ಕೈ ಎತ್ತಿ ಹಿಡಿದು 108ಕ್ಕೆ ಕರೆ ಮಾಡಿ. ಅರಿಶಿನ, ಚಹಾಪುಡಿ ತುಂಬಬೇಡಿ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ, ಆ ಚೀಲವನ್ನು ಐಸಿನ ಮೇಲೆ ಇಟ್ಟು ಜೊತೆಗೆ ಒಯ್ಯಿರಿ. ಐಸ್ ನೇರವಾಗಿ ತಾಗಿದರೆ ಬೆರಳು ಕೆಡುತ್ತದೆ. ಶಾಕ್ ಹೊಡೆದವರನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ತೆಗೆಯಬೇಕು. ಮೇನ್ ಎಲ್ಲಿದೆ ಎಂದು ಮನೆಯಲ್ಲಿ ಪ್ರತಿಯೊಬ್ಬರಿಗೂ ತೋರಿಸಿಡಿ.

ಕೊನೆಗೆ ಮಗನ ವಿಷಯ. ಅವನು ಜತೆಗೆ ನಿಲ್ಲುತ್ತಾನೆ ಎಂದು ಓದಿ ಸಂತೋಷವಾಯಿತು, ಅವನನ್ನು ಹೊರಗೆ ಕಳಿಸಬೇಡಿ. ಐಟಿಐಗೆ ಸೇರಲೂ ಕನಿಷ್ಠ 14 ವರ್ಷ ಆಗಿರಬೇಕು, ಸೇರಿದವರಿಗೂ ನಾವು ಮೊದಲ ದಿನವೇ ಮಷಿನ್ ಕೊಡುವುದಿಲ್ಲ. ವಾರಗಟ್ಟಲೆ ಫೈಲ್ (ಅರ), ಕಬ್ಬಿಣ ಕೊಯ್ಯುವ ಹೆಕ್ಸಾ ಬ್ಲೇಡ್ ಹಿಡಿಸುತ್ತೇವೆ. ಕೈಗೆ ಲೋಹದ ಸ್ವಭಾವ, ಒತ್ತಡದ ಅಳತೆ ತಿಳಿಯುವುದು ಅಲ್ಲಿ. ನಿಮ್ಮ ಮಗನಿಗೆ ಕೈಗರಗಸ, ಫೈಲ್, ಮರಳು ಕಾಗದ ಕೊಡಿ. ಹಲಗೆಯನ್ನು ನೀವೇ ಕ್ಲಾಂಪ್ ಮಾಡಿ, ಪಕ್ಕದಲ್ಲಿ ನಿಂತು, ಕಡಿಮೆ ವೇಗದಲ್ಲಿ ಡ್ರಿಲ್ ಹಿಡಿಸಬಹುದು. ಗ್ರೈಂಡರ್, ಸರ್ಕ್ಯುಲರ್ ಸಾ ಈಗ ಬೇಡ. ನೀವು ಯಂತ್ರ ನಡೆಸುವಾಗ ಅವನು ಎದುರಿಗೆ, ನಿಮಗೆ ಕಾಣುವ ಜಾಗದಲ್ಲಿ, ಕನ್ನಡಕ ಹಾಕಿಕೊಂಡು, ಡಿಸ್ಕಿನ ಸಾಲು ಬಿಟ್ಟು ನಿಲ್ಲಲಿ. ಹಿಂದಿನಿಂದ ಬಂದು ‘ಅಪ್ಪಾ’ ಎಂದು ಬೆನ್ನು ಮುಟ್ಟಬಾರದು. ಊಟಕ್ಕೆ ಕರೆಯುವುದಿದ್ದರೂ ಮೋಟರ್ ನಿಂತ ಮೇಲೆ ಕರೆಯಲಿ, ಮನೆಯವರಿಗೂ ಇದನ್ನೇ ಹೇಳಿ.

ಈ ಭಾನುವಾರ ಆ 30 ಹಲ್ಲಿನ ಬ್ಲೇಡನ್ನು ಅಂಗಡಿಗೆ ಒಯ್ದು ಕೊಟ್ಟು ಆರ್‌ಸಿಸಿಬಿಯನ್ನೋ ಕ್ಲಾಂಪನ್ನೋ ತನ್ನಿ. ಮಗನ ಕೈಗೆ ಬೇವಿನ ಒಂದು ತುಂಡು, ಒಂದು ಫೈಲ್, ಮೂಲೆ ನೆಟ್ಟಗಿದೆಯೇ ನೋಡುವ ಒಂದು ಗುನ್ಯಾ ಕೊಡಿ. ನಾಲ್ಕೂ ಮೂಲೆ ಗುನ್ಯಾಕ್ಕೆ ಬೆಳಕು ಬಿಡದಂತೆ ಕೂತ ದಿನ ಮೇಜಿನ ಕಾಲಿನ ಗುರುತು ಹಾಕುವ ಕೆಲಸ ಅವನಿಗೇ ವಹಿಸಿ.